ಇಪ್ಪತ್ನಾಲ್ಕನೇ ಶೆಲ್ಫಿನ ಹಾಳೆ

ಈ ಸಭೆಯ ಅಧ್ಯಕ್ಷರೂ ನಮ್ಮ ದೂರವಾಣಿ ಸಂಸ್ಥೆಯ ನಿರ್ದೇಶಕರೂ ಆದ ಹಿರಿಯರೇ, ಆಸ್ಪತ್ರೆಯ ನೂರು ಕೆಲಸ ಬಿಟ್ಟು ಬಂದಿರುವ ಮುಖ್ಯ ಅತಿಥಿಗಳಾದ ವೈದ್ಯರೇ, ತನಿಖಾ ಸಮಿತಿಯ ಅಧಿಕಾರಿಗಳೇ, ಕಂಟ್ರೋಲ್ ರೂಮಿನ, ಕೇಬಲ್ ವಿಭಾಗದ, ಉಗ್ರಾಣದ ನನ್ನ ಸಹೋದ್ಯೋಗಿಗಳೇ, ಅವರ ಮನೆಯವರೇ, ಮೊದಲ ಸಾಲಿನಲ್ಲಿ ಕುಳಿತಿರುವ ನನ್ನ ಅತ್ತೆಯವರೇ, ಮತ್ತು ಈಗಷ್ಟೇ ಸನ್ಮಾನ ಪಡೆದು ಆ ದೊಡ್ಡ ಕುರ್ಚಿಯಲ್ಲಿ ಸರಿಯಾಗಿ ಕೂರಲೂ ಆಗದೆ ಏಳಲೂ ಆಗದೆ ನಾಚಿಕೊಂಡಿರುವ ನನ್ನ ಯಜಮಾನರೇ, ಸಭಿಕರೇ,

ಸನ್ಮಾನಿತರ ಹೆಂಡತಿಯಾಗಿ ಎರಡು ಮಾತು ಆಡಬೇಕೆಂದು ನಿರೂಪಕರು ಕೇಳಿಕೊಂಡಿದ್ದಾರೆ. ಐದು ನಿಮಿಷ ಕೊಟ್ಟಿದ್ದಾರೆ. ನೀವೇ ಹೇಳಿ, ಮದುವೆಯಾಗಿ ನಲವತ್ತೊಂದು ದಿನವಾದ ಹೆಂಗಸಿಗೆ ಗಂಡನ ಗುಣಗಾನ ಮಾಡಲು ಐದು ನಿಮಿಷ ಸಾಕೇ? ಹೌದು, ನಲವತ್ತೊಂದು. ನಾನು ಎಣಿಸುತ್ತೇನೆ. "ಜೈಲಲ್ಲಿರೋರು ಎಣಿಸ್ತಾರೆ ಕಣೇ ಹಾಗೆ" ಎಂದು ನನ್ನ ತಂಗಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಅವಳಿಗೂ ಒಂದು ದಿನ ಬರುತ್ತದೆ.

ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಸಭೆಯಲ್ಲಿ ಆಡುವಂಥ ತುಂಬು ಮಾತು ನನಗೆ ಸಲೀಸಾಗಿ ಬರುವುದಿಲ್ಲ. ಅತ್ತೆಯವರು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ನಿನ್ನೆ ಸಂಜೆ ನನ್ನ ಭಾಷಣದ ಪುಟವನ್ನು ಮುಂದಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು, "ಇಷ್ಟೊಂದು ಅದ್ಭುತ ಅದ್ಭುತ ಅಂತ ಬರೀಬೇಡಮ್ಮ, ಒಂದು ಪುಟದಲ್ಲಿ ಒಬ್ಬನೇ ಗಂಡ ಏಳು ಸಲ ಅದ್ಭುತ ಆಗೋಕಾಗಲ್ಲ" ಎಂದು ಆರು ಅದ್ಭುತಗಳನ್ನು ಹೊಡೆದುಹಾಕಿದರು. ಉಳಿದ ಒಂದನ್ನು ನಾನು ಈಗಲೇ ಬಳಸಿಬಿಡುತ್ತೇನೆ: ನನ್ನ ಯಜಮಾನರು ಅದ್ಭುತ ಮನುಷ್ಯರು.

ಅವರ ಜಾಗರೂಕತೆ ನಿಮಗೆಲ್ಲ ಕಚೇರಿಯಲ್ಲಿ ಗೊತ್ತು. ಮನೆಯಲ್ಲಿ ನೋಡಬೇಕು ನೀವು! ಮಲಗುವ ಮುಂಚೆ ಬಾಗಿಲಿಗೆ ಬೀಗ ಹಾಕಿ, ಒಂದು ಸಲ ಎಳೆಯುತ್ತಾರೆ. ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದು ಮತ್ತೊಂದು ಸಲ ಎಳೆಯುತ್ತಾರೆ. ಹಾಸಿಗೆಯಲ್ಲಿ ಕೂತು, "ಬೀಗ ಎಳೆದು ನೋಡಿದ್ನಾ?" ಎಂದು ನನ್ನನ್ನೇ ಕೇಳುತ್ತಾರೆ. "ಎರಡು ಸಲ ಎಳೆದ್ರಿ" ಎಂದರೂ ಎದ್ದು ಹೋಗುತ್ತಾರೆ. ಗ್ಯಾಸಿನ ಗುಂಡಿಯೂ ಅಷ್ಟೇ, ನೀರಿನ ನಲ್ಲಿಯೂ ಅಷ್ಟೇ. ಮದುವೆಯಾದ ಮೊದಲ ವಾರ ಇದನ್ನೆಲ್ಲ ನೋಡಿ ನನಗೆ ಎಂಥ ನೆಮ್ಮದಿ ಆಗುತ್ತಿತ್ತು ಗೊತ್ತೇ? ಈ ಮನುಷ್ಯನ ಕೈಯಲ್ಲಿ ಏನನ್ನಿಟ್ಟರೂ ಭದ್ರ ಎನ್ನಿಸುತ್ತಿತ್ತು.

ಮದುವೆಗೆ ಮುಂಚೆ ಮೂರು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರು ನಾವು. ನಾನು ಅವರಿಗೆ ಸಾರ್, ಅವರು ನನಗೆ ಮೇಡಂ. ಮದುವೆಯ ಮಾರನೇ ದಿನ ಊಟಕ್ಕೆ ಕೂತಾಗ, "ಸಾರ್, ಸಾರು ಹಾಕ್ಲಾ?" ಎಂದುಬಿಟ್ಟೆ. ಅತ್ತೆಯವರು ನೀರು ಕುಡಿಯುತ್ತಿದ್ದವರು ನೆತ್ತಿಗೇರಿಸಿಕೊಂಡು ನಕ್ಕರು. ನಗುವುದು ಬೇಡವೇ? ಆ ಮನೆಯಲ್ಲಿ ನಾವು ಒಂಬತ್ತು ದಿನ ನಗುತ್ತಲೇ ಇದ್ದೆವು.

ಹತ್ತನೆಯ ದಿನ ಏನಾಯಿತು ಎನ್ನುವುದಕ್ಕೇ ಈ ಸನ್ಮಾನ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ನಮ್ಮ ಇಪ್ಪತ್ನಾಲ್ಕನೇ ಶೆಲ್ಫಿನಲ್ಲಿ ಒಂದು ಕಾರ್ಡು ಸುಟ್ಟಿತು. ಆಂಬುಲೆನ್ಸ್ ಕರೆಯುವ ಫೋನ್ ಲೈನುಗಳೆಲ್ಲ ಒಟ್ಟಿಗೆ ಸತ್ತವು. ನಾವು ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಫೋನು ಬಂದದ್ದೇ ತಡ, ಇವರು ತಟ್ಟೆ ಬಿಟ್ಟು, ಹೊಸ ಅಂಗಿಯಲ್ಲೇ ಓಡಿದರು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಸುಟ್ಟ ಕಾರ್ಡಿನ ಬೆನ್ನಿನ ತಂತಿಗಳನ್ನು ಒಂದೊಂದಾಗಿ ಕೈಯಲ್ಲೇ ಬೇರೆ ಕಾರ್ಡಿಗೆ ಬದಲಾಯಿಸಿದರು. ಐವತ್ತೆರಡು ನಿಮಿಷದಲ್ಲಿ ಲೈನುಗಳು ಮರಳಿ ಬಂದವು. ಆ ಅಂಗಿಯ ತೋಳಿನ ಕಪ್ಪು ಕಲೆ ಇನ್ನೂ ಹೋಗಿಲ್ಲ. ಅವರ ಬದಲು ಬೇರೆ ಯಾರಾದರೂ ಹೋಗಿದ್ದರೆ ಎರಡು ಗಂಟೆ ಹಿಡಿಯುತ್ತಿತ್ತು. ಇದು ಸತ್ಯ. ಇವತ್ತು ನಾನು ಹೇಳುವ ಎಲ್ಲದರ ನಡುವೆ ಇದನ್ನು ಯಾರೂ ಮರೆಯಬಾರದು. ಅವರು ಓಡಿದ್ದು ಸತ್ಯ.

ಇಲ್ಲಿಗೆ ಅತ್ತೆಯವರು ತಿದ್ದಿಕೊಟ್ಟ ಪುಟ ಮುಗಿಯಿತು. ಇದರ ಕೆಳಗೆ ಒಂದು ಸಾಲು ಇದೆ: "ಇಂಥ ಪತಿಯನ್ನು ಪಡೆದ ನಾನೇ ಧನ್ಯಳು, ನಮಸ್ಕಾರ." ಚೆನ್ನಾಗಿದೆ ಸಾಲು. ಆದರೆ ನನ್ನ ಹತ್ತಿರ ಇನ್ನೂ ಎರಡು ಪುಟ ಇವೆ. ಅವನ್ನು ಯಾರೂ ತಿದ್ದಿಲ್ಲ. ಇವತ್ತು ಮಧ್ಯಾಹ್ನ, ಎಲ್ಲರೂ ಸಭೆಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ, ಉಗ್ರಾಣದಲ್ಲಿ ಕೂತು ಬರೆದದ್ದು. ತಪ್ಪಿದ್ದರೆ ಅತ್ತೆಯವರು ಕ್ಷಮಿಸಬೇಕು.

ಕಾರ್ಡು, ಶೆಲ್ಫು ಎಂದರೇನು ಎಂದು ಇಲ್ಲಿರುವ ಮನೆಯವರಿಗೆ ತಿಳಿಯದಿರಬಹುದು. ಕಷ್ಟವಿಲ್ಲ. ಒಂದು ಕಬ್ಬಿಣದ ಪೆಟ್ಟಿಗೆ; ಅದರಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಕಾರ್ಡುಗಳು. ಊರಿನ ಫೋನು ತಂತಿಗಳು ಬಂದು ಈ ಕಾರ್ಡುಗಳ ಬೆನ್ನಿಗೆ ಸೇರುತ್ತವೆ. ನಾಲ್ಕು ಕಾರ್ಡು ದುಡಿಯುತ್ತವೆ, ಐದನೆಯದು ಕೂತಿರುತ್ತದೆ. ಅದು ಸ್ಟ್ಯಾಂಡ್‌ಬೈ. ನಾಲ್ಕರಲ್ಲಿ ಯಾವುದು ಕೆಟ್ಟರೂ ಐದನೆಯದು ಎದ್ದು ಅದರ ಕೆಲಸ ಹಿಡಿಯಬೇಕು, ಎವೆ ಮುಚ್ಚಿ ತೆರೆಯುವುದರೊಳಗೆ. ಫೋನಿನಲ್ಲಿ ಮಾತನಾಡುತ್ತಿರುವವರಿಗೆ ಗೊತ್ತೇ ಆಗಬಾರದು. ಆದರೆ ಆ ಐದನೆಯದಕ್ಕೆ ತಾನಾಗಿ ಏನೂ ತಿಳಿಯದು. ಯಾರ ಬದಲು ಏಳಬೇಕು, ಕೆಟ್ಟದ್ದು ಸರಿಯಾದ ಮೇಲೆ ಎಷ್ಟು ಹೊತ್ತು ಕಾದು ಜಾಗ ಬಿಡಬೇಕು, ಎಲ್ಲವನ್ನೂ ಒಬ್ಬರು ಕೂತು ಅದಕ್ಕೆ ಬರೆದು ಹೇಳಬೇಕು. ನಾವು ಅದನ್ನು ಕಾನ್ಫಿಗರ್ ಮಾಡುವುದು ಎನ್ನುತ್ತೇವೆ. ಹಾಗೆ ಬರೆಯುವವಳು ನಾನಾಗಿದ್ದೆ. ಈಗ ಅಲ್ಲ. ಈಗ ಉಗ್ರಾಣದಲ್ಲಿ ಸ್ಕ್ರೂ ಡಬ್ಬಿಗಳಿಗೆ ಚೀಟಿ ಅಂಟಿಸುತ್ತೇನೆ.

ನಮ್ಮ ಮದುವೆಯಲ್ಲಿ ಕಂಟ್ರೋಲ್ ರೂಮಿನವರು ನಮ್ಮಿಬ್ಬರ ಕುರ್ಚಿಗೆ ಎರಡು ಫಲಕ ಕಟ್ಟಿದ್ದರು, ನೆನಪಿದೆಯೇ? ಅವರ ಕುರ್ಚಿಗೆ "ವರ್ಕಿಂಗ್", ನನ್ನ ಕುರ್ಚಿಗೆ "ಸ್ಟ್ಯಾಂಡ್‌ಬೈ". ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಫೋಟೋದಲ್ಲಿ ನನ್ನ ಹಲ್ಲಷ್ಟೇ ಕಾಣುತ್ತದೆ.

ಇರಲಿ. ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ: ಬರೆಯುವವರು ಬೇರೆ, ಪರೀಕ್ಷಿಸುವವರು ಬೇರೆ. ನಾನು ಬರೆದದ್ದನ್ನು ನನ್ನ ಯಜಮಾನರು ಪರೀಕ್ಷಿಸಬೇಕಿತ್ತು. ಪರೀಕ್ಷೆ ಎಂದರೆ ಕಂಪ್ಯೂಟರ್ ನೋಡುವುದಲ್ಲ. ಶೆಲ್ಫು ಇರುವ ಕೋಣೆಗೇ ಹೋಗಬೇಕು. ದುಡಿಯುತ್ತಿರುವ ಕಾರ್ಡನ್ನು ಕೈಯಾರೆ ಎಳೆಯಬೇಕು. ಮಾತು ನಿಂತರೆ ಬರೆದವಳದು ತಪ್ಪು. ಮಾತು ನಡೆದರೆ ಸರಿ. ಆಮೇಲೆ ಶೆಲ್ಫಿಗೊಂದರಂತೆ ಹಾಳೆಯ ಮೇಲೆ ಕೈಬರಹದಲ್ಲಿ ಬರೆಯಬೇಕು: "ಎಳೆದು ನೋಡಿದೆ, ಸರಿ ಇದೆ." ದಿನ, ಗಂಟೆ, ರುಜು.

ಹೋದ ವರ್ಷ ಇಪ್ಪತ್ನಾಲ್ಕು ಹೊಸ ಶೆಲ್ಫುಗಳು ಬಂದವು. ಊರಿನ ಇಪ್ಪತ್ನಾಲ್ಕು ಮೂಲೆಗೆ. ನಾನು ಮೊದಲ ಶೆಲ್ಫನ್ನು ಒಂದು ದಿನ ಪೂರ್ತಿ ಕೂತು ಕಾನ್ಫಿಗರ್ ಮಾಡಿದೆ. ಆವತ್ತು ಕೇಬಲ್ ವಿಭಾಗದವರು ಹಿಂದೆ ತಂತಿ ಬಿಗಿಯುತ್ತಿದ್ದರು. ಅವರ ಕೈ ತಗುಲಿದಾಗಲೆಲ್ಲ ಸ್ಟ್ಯಾಂಡ್‌ಬೈ ಎದ್ದೆದ್ದು ಕುಣಿಯಬಾರದಲ್ಲ? ಅದಕ್ಕೊಂದು ಆಜ್ಞೆ ಇದೆ, ಲಾಕ್‌ಔಟ್. "ನಾನು ಹೇಳುವ ತನಕ ನೀನು ಏಳಬೇಡ" ಎಂದು ಅರ್ಥ. ಹಾಕಿದೆ. ಕೆಲಸ ಮುಗಿದ ಮೇಲೆ ತೆಗೆಯಬೇಕಿತ್ತು. ತೆಗೆಯುವ ಮುಂಚೆಯೇ ಆ ಶೆಲ್ಫಿನ ಬರಹವನ್ನು ಅಚ್ಚಿನ ಹಾಗೆ ಎತ್ತಿ ಮಿಕ್ಕ ಇಪ್ಪತ್ಮೂರಕ್ಕೂ ನಕಲು ಮಾಡಿದೆ, ಆಮೇಲೆ ತೆಗೆಯುವುದನ್ನೇ ಮರೆತೆ. ಇಪ್ಪತ್ನಾಲ್ಕು ಶೆಲ್ಫಿನ ಇಪ್ಪತ್ನಾಲ್ಕು ಸ್ಟ್ಯಾಂಡ್‌ಬೈಗಳಿಗೂ ಏಳಬೇಡ ಎಂದು ಹೇಳಿದವಳು ನಾನೇ. ಕಾರ್ಡಿನ ದೀಪ ಮಾತ್ರ ಹಸಿರಾಗಿಯೇ ಉರಿಯುತ್ತಿರುತ್ತದೆ, ಏಕೆಂದರೆ ಕಾರ್ಡು ಚೆನ್ನಾಗಿದೆ, ಅಪ್ಪಣೆ ಇಲ್ಲ ಅಷ್ಟೇ. ಕಂಪ್ಯೂಟರಿನಲ್ಲಿ ಒಂದು ಹಳದಿ ಗುರುತು ಬರುತ್ತದೆ. ಆದರೆ ಹೊಸ ಶೆಲ್ಫುಗಳ ಸಣ್ಣಪುಟ್ಟ ಹಳದಿಗಳನ್ನು ಮೊದಲ ವರ್ಷ ಕಣ್ಣಿಗೆ ಬೀಳದಂತೆ ಮುಚ್ಚಿಡುವುದು ನಮ್ಮ ಕಂಟ್ರೋಲ್ ರೂಮಿನ ರೂಢಿ. ಇಲ್ಲದಿದ್ದರೆ ತಲೆನೋವು ಎನ್ನುತ್ತಾರೆ.

ತಪ್ಪು ನನ್ನದು. ಇದನ್ನು ನಾನು ಮೈಕಿನ ಮುಂದೆ ನಿಂತು ಹೇಳುತ್ತಿದ್ದೇನೆ: ನನ್ನದು. ಆದರೆ ತಪ್ಪು ಮಾಡುವವಳು ಇದ್ದಾಳೆಂದೇ ಅಲ್ಲವೇ ಎಳೆದು ನೋಡುವವನನ್ನು ಇಟ್ಟಿರುವುದು?

ಈಗ ನಾನು ನನ್ನ ಜೀವನದ ಅತ್ಯಂತ ಸುಂದರ ಮಧ್ಯಾಹ್ನದ ವಿಷಯ ಹೇಳಬೇಕು.

ಅದು ನಮ್ಮ ಕ್ಯಾಂಟೀನು. ಕಿಟಕಿ ಪಕ್ಕದ ಮೇಜು, ಒಂದು ಕಾಲು ಕುಂಟುವುದು, ಕೆಳಗೆ ಕಾಗದ ಮಡಿಸಿ ಇಟ್ಟಿರುತ್ತಾರಲ್ಲ, ಅದೇ. ಇಬ್ಬರ ಮುಂದೆ ಟೀ. ಇವರು ಚೀಲದಿಂದ ಖಾಲಿ ಹಾಳೆಗಳ ಕಟ್ಟು ತೆಗೆದರು. ಒಂದೊಂದರಲ್ಲೂ ಬರೆಯುತ್ತಾ ಹೋದರು. ಎಳೆದು ನೋಡಿದೆ, ಸರಿ ಇದೆ. ಎಳೆದು ನೋಡಿದೆ, ಸರಿ ಇದೆ. ಒಂದಕ್ಕೆ ಸೋಮವಾರದ ದಿನಾಂಕ, ಇನ್ನೊಂದಕ್ಕೆ ಮಂಗಳವಾರದ್ದು.

"ಸಾರ್, ಹೋಗಿ ನೋಡಲ್ವಾ?" ಎಂದೆ.

"ನೀವು ಬರೆದಿರೋದಲ್ವಾ ಮೇಡಂ? ನಿಮ್ಮ ಹೆಸರು ನೋಡಿದ್ರೆ ಸಾಕು. ಇಪ್ಪತ್ನಾಲ್ಕು ಕಡೆ ಅಲೆದು ಬರೋ ಬದಲು ನಿಮ್ಮ ಜೊತೆ ಇಪ್ಪತ್ನಾಲ್ಕು ಟೀ ಕುಡೀತೀನಿ."

ನಾನೇನು ಮಾಡಿದೆ ಎಂದುಕೊಂಡಿರಿ? ಬೈದೆನೇ? ಪೆನ್ನು ಕಿತ್ತುಕೊಂಡೆನೇ? ಕೆಂಪಾದೆ, ಸಭಿಕರೇ. ಕಿವಿಯ ತನಕ ಕೆಂಪಾದೆ. ಮೂರು ವರ್ಷದಿಂದ ನನ್ನ ಒಂದೊಂದು ಸಾಲಿಗೂ ತಪ್ಪು ಹಿಡಿಯುತ್ತಿದ್ದ ಮನುಷ್ಯ ನನ್ನನ್ನು ಇಷ್ಟೊಂದು ನಂಬಿದನಲ್ಲ ಎಂದು ಹಿಗ್ಗಿದೆ. ಅದು ನಂಬಿಕೆ ಎಂದುಕೊಂಡೆ. ಅದು ಸೋಮಾರಿತನ ಎಂದು ಹೇಳುವುದಕ್ಕೆ ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ.

ಕೊನೆಯ ಹಾಳೆ, ಇಪ್ಪತ್ನಾಲ್ಕನೆಯದು, ಆಸ್ಪತ್ರೆಯ ನೆಲಮಾಳಿಗೆಯ ಶೆಲ್ಫಿನದು. ಅದರಲ್ಲಿ ಬರೆದರು: "ಮಧ್ಯಾಹ್ನ ಮೂರು ಗಂಟೆ. ಎಳೆದು ನೋಡಿದೆ, ಸರಿ ಇದೆ." ಆವತ್ತಿನದೇ ದಿನಾಂಕ ಹಾಕಿ ರುಜು ಮಾಡಿದರು. ಆಮೇಲೆ ಹಾಳೆಯನ್ನು ಮಗುಚಿ, ಹಿಂದೆ ಏನೋ ಬರೆದು, ನನ್ನ ಕಡೆ ತಳ್ಳಿದರು. "ಇದನ್ನು ಮಾತ್ರ ಫೈಲಿಗೆ ಹಾಕಬೇಡಿ. ನನ್ನನ್ನು ಮದುವೆಯಾಗ್ತೀರಾ?" ಅದರ ಕೆಳಗೆ, ಮೂರು ವರ್ಷದ ಅಭ್ಯಾಸ ನೋಡಿ, ತಡೆಯಲಾಗದೆ ಜಾಗ, ದಿನ, ಗಂಟೆ ಬರೆದಿದ್ದಾರೆ: ಕ್ಯಾಂಟೀನ್, ಕಿಟಕಿ ಪಕ್ಕ, ಮೂರೂ ಹತ್ತು. ಮತ್ತೆ ರುಜು.

ನಾನು ಫೈಲಿಗೆ ಹಾಕಲಿಲ್ಲ. ಇಪ್ಪತ್ಮೂರು ಹಾಳೆಗಳ ಕಟ್ಟನ್ನು ಕಂಟ್ರೋಲ್ ರೂಮಿಗೆ ಕೊಟ್ಟು, "ಇಪ್ಪತ್ನಾಲ್ಕು ಇದೆ" ಎಂದೆ. ಯಾರೂ ಎಣಿಸಲಿಲ್ಲ. ಹಾಳೆ ನನ್ನ ಜೊತೆ ಮನೆಗೆ ಬಂತು. ನಾನು ಎಷ್ಟು ಸಲ ಅದನ್ನು ಓದಿದ್ದೇನೆ! ಹಿಂದಿನ ಬದಿಯನ್ನು ಮಾತ್ರ. ಮುಂದಿನ ಬದಿ ಓದಲು ಯಾರಿಗೆ ಬೇಕಿತ್ತು?

ನಿರೂಪಕರೇ, ಗಂಟೆ ಒತ್ತಬೇಡಿ. ನನ್ನ ಐದು ನಿಮಿಷ ಮುಗಿದು ಬಹಳ ಹೊತ್ತಾಯಿತು, ಗೊತ್ತಿದೆ.

ಕಾರ್ಡು ಸುಟ್ಟ ಮೇಲೆ ತನಿಖೆ ಕೂತಿತು. ಸ್ಟ್ಯಾಂಡ್‌ಬೈ ಏಕೆ ಏಳಲಿಲ್ಲ? ಲಾಕ್‌ಔಟ್ ಇತ್ತು. ಪರೀಕ್ಷೆಯಲ್ಲಿ ಏಕೆ ಸಿಗಲಿಲ್ಲ? ಹಾಳೆ ತೆಗೆಯಿರಿ. ಇಪ್ಪತ್ಮೂರು ಇವೆ. ಆಸ್ಪತ್ರೆಯದೇ ಇಲ್ಲ. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಯಜಮಾನರನ್ನು ಕೇಳಿದರು. ಅವರು ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿನ ನೀರಿನ ಲೋಟ ನೋಡಿದರು. "ಇಪ್ಪತ್ನಾಲ್ಕನೆಯದು ನನ್ನ ಕೈಗೆ ಬರಲೇ ಇಲ್ಲ ಸಾರ್" ಎಂದರು.

ವರದಿಯಲ್ಲಿ ಬರೆದಿದ್ದಾರೆ: ಸದರಿ ಉದ್ಯೋಗಿಯು ಮದುವೆಯ ಅವಸರದಲ್ಲಿ ಇಪ್ಪತ್ನಾಲ್ಕನೇ ಶೆಲ್ಫನ್ನು ಪರೀಕ್ಷೆಗೆ ಒಪ್ಪಿಸದೆ ಚಾಲೂ ಮಾಡಿ, ಒಪ್ಪಿಸಿರುವುದಾಗಿ ಸುಳ್ಳು ಹೇಳಿದ್ದಾಳೆ. ಮಿಕ್ಕ ಇಪ್ಪತ್ಮೂರು ಶೆಲ್ಫುಗಳು ಪರೀಕ್ಷಿತವಾಗಿದ್ದು ಅವನ್ನು ಮುಟ್ಟುವ ಅಗತ್ಯವಿಲ್ಲ.

ಆ ಸಂಜೆ ಮನೆಯಲ್ಲಿ ಕೇಳಿದೆ.

"ಯಾಕ್ರೀ ಹಾಗಂದ್ರಿ?"

"ಏನಂದೆ? ಫೈಲಲ್ಲಿ ಇಲ್ಲ. ಇಲ್ಲ ತಾನೇ?"

"ನಮ್ಮನೇಲಿದೆ."

"ಮನೇಲಿರೋದು ಹಾಳೆ ಅಲ್ಲ ಕಣೇ, ಅದು ನಮ್ಮಿಬ್ಬರದು. ಅದನ್ನ ಯಾರಾದ್ರೂ ತನಿಖೇಲಿ ತೋರಿಸ್ತಾರಾ? ಇಬ್ಬರೂ ಸಿಕ್ಕಿಬಿದ್ರೆ ಮನೆ ಹೇಗೆ ನಡೆಯುತ್ತೆ? ಒಬ್ಬರಾದ್ರೂ ಉಳೀಬೇಕಲ್ವಾ?"

ಆ ಒಬ್ಬರು ಯಾರು ಎಂದು ನಾನು ಕೇಳಲಿಲ್ಲ. ಹೊಸ ಮದುವಣಗಿತ್ತಿ ನೋಡಿ, ಮನೆ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಕರಗಿಹೋಗುತ್ತಿದ್ದೆ. ಇನ್ನೊಂದು ಮಾತ್ರ ಕೇಳಿದೆ: "ಮಿಕ್ಕ ಇಪ್ಪತ್ಮೂರರಲ್ಲೂ ಲಾಕ್‌ಔಟ್ ಇದೆಯಲ್ರೀ. ನಾನು ನಕಲು ಮಾಡಿದ್ದು."

"ನಾನ್ ನೋಡ್ಕೋತೀನಿ. ನೀನು ತಲೆ ಕೆಡಿಸ್ಕೋಬೇಡ."

ನನ್ನ ಲಾಗಿನ್ ಕಿತ್ತುಕೊಂಡಿದ್ದರು, ನಾನೇ ನೋಡುವಂತಿರಲಿಲ್ಲ. ನೋಡಿಕೊಳ್ಳುತ್ತಾರೆ ಎಂದು ನಂಬಿದೆ. ನಂಬುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಆ ಐವತ್ತೆರಡು ನಿಮಿಷಗಳ ಕರೆಗಳ ಪಟ್ಟಿ ವರದಿಯ ಕೊನೆಯಲ್ಲಿತ್ತು. ಒಂದೇ ನಂಬರಿನಿಂದ ಹದಿನೇಳು ಸಲ. ವಿಳಾಸ ಹುಡುಕಿಕೊಂಡು ಹೋದೆ. ದರ್ಜಿ ಹೆಂಗಸು. ಬಾಗಿಲ ಪಕ್ಕದಲ್ಲೇ ಹೊಲಿಗೆ ಯಂತ್ರ, ಶಾಲೆಯ ಸಮವಸ್ತ್ರಗಳ ರಾಶಿ. ಒಳಗೆ ಅವಳ ಗಂಡ ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಯುತ್ತಿದ್ದ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ನಾನು ಫೋನಿನ ಕಚೇರಿಯವಳು ಎಂದೆ. ಬೈಯುತ್ತಾಳೆ ಎಂದುಕೊಂಡು ಹೋಗಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಫೋನೇ ಕೆಟ್ಟಿದೆ ಅಂದ್ಕೊಂಡೆ ಕಣಮ್ಮ" ಎಂದಳು. "ಹಳೇದು, ಎರಡು ಸಲ ಬೀಳಿಸಿದ್ದೆ. ಅದನ್ನೇ ಗೋಡೆಗೆ ಕುಟ್ಟಿದೆ. ನನ್ನದೇ ತಪ್ಪು, ಮೊದ್ಲೇ ರಿಪೇರಿ ಮಾಡಿಸ್ಬೇಕಿತ್ತು." ಆಮೇಲೆ ನನ್ನ ತೋಳು ಹಿಡಿದು ನೋಡಿ, "ರವಿಕೆ ಸಡಿಲ ಆಗಿದೆಯಲ್ಲ, ಹೊಸದಾಗಿ ಮದುವೆ ಆದೋಳು ಹೀಗಾ ಇರೋದು? ಕೊಡಿ ಇಲ್ಲಿ, ಎರಡು ಹೊಲಿಗೆ ಹಾಕ್ತೀನಿ" ಎಂದಳು. ಮದುವೆಗೆಂದು ಹೊಲಿಸಿದ ರವಿಕೆ ಒಂದು ತಿಂಗಳಲ್ಲಿ ಅಷ್ಟು ಸಡಿಲವಾಗಿತ್ತು.

ವೈದ್ಯರೇ, ಆವತ್ತು ಲಕ್ವ ಹೊಡೆದ ಆ ಮನುಷ್ಯನನ್ನು ನಿಮ್ಮ ಆಸ್ಪತ್ರೆಗೆ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ತಂದರಂತೆ. ಮುಂಚೆ ಬಂದಿದ್ದರೆ ಕೈ ಉಳಿಯುತ್ತಿತ್ತೇ ಎಂದು ನಿಮ್ಮನ್ನು ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಗುರುವಾರ ನಮ್ಮ ಏಣಿಯಣ್ಣ ಉಗ್ರಾಣಕ್ಕೆ ಬಂದರು. ಯಾವಾಗಲೂ ಹೆಗಲ ಮೇಲೆ ಏಣಿ ಇರುವುದರಿಂದ ಅವರಿಗೆ ಆ ಹೆಸರು, ಎಲ್ಲರಿಗೂ ಗೊತ್ತು. ಹದಿನೇಳನೇ ಶೆಲ್ಫಿನ ಫ್ಯಾನು ಧೂಳು ತುಂಬಿದೆ, ಜಾಲರಿ ಬೇಕು ಎಂದರು. ಕೊಟ್ಟೆ. ಹೋಗುವಾಗ ತಿರುಗಿ, "ಅಲ್ಲಮ್ಮ, ಶೆಲ್ಫಿಗೆ ಲ್ಯಾಪ್‌ಟಾಪ್ ಹಾಕಿ ನೋಡ್ದೆ, ಅಲ್ಲಿ ಲಾಕ್‌ಔಟ್ ಹಾಗೇ ಇಟ್ಟಿದ್ದೀರಲ್ಲ, ಬೇಕೂಂತ್ಲೇನಾ?" ಎಂದು ಕೇಳಿದರು. ಕೈಯಲ್ಲಿದ್ದ ಚೀಟಿ ನನ್ನ ಬೆರಳಿಗೇ ಅಂಟಿಕೊಂಡಿತು.

ಒಂದು ತಿಂಗಳು, ಸಭಿಕರೇ. ಬೀಗವನ್ನು ಮೂರು ಸಲ ಎಳೆದು ನೋಡುವ ಮನುಷ್ಯ ಒಂದು ತಿಂಗಳಲ್ಲಿ ಒಂದೇ ಒಂದು ಲಾಕ್‌ಔಟ್ ತೆಗೆಸಿಲ್ಲ. ಏಕೆ? ತೆಗೆಯಲು ಇಬ್ಬರ ಲಾಗಿನ್ ಬೇಕು. ಎರಡನೆಯವರು ಕೇಳುತ್ತಾರೆ: ಎಳೆದು ನೋಡಿದ ಶೆಲ್ಫಿನಲ್ಲಿ ಲಾಕ್‌ಔಟ್ ಹೇಗೆ ಬಂತು? ಆ ಒಂದು ಪ್ರಶ್ನೆಗೆ ಹೆದರಿ, ಇಪ್ಪತ್ಮೂರು ಜಾಗದಲ್ಲಿ ಜನರ ಫೋನುಗಳು ದೇವರ ಮೇಲೆ ಭಾರ ಹಾಕಿ ನಡೆಯುತ್ತಿವೆ. ಅಗ್ನಿಶಾಮಕ ಠಾಣೆ ಒಂಬತ್ತನೇ ಶೆಲ್ಫಿನಲ್ಲಿದೆ. ಹೆರಿಗೆ ಆಸ್ಪತ್ರೆ ಹದಿನಾಲ್ಕರಲ್ಲಿ.

ಗುರುವಾರ ಸಂಜೆ ಮನೆಯಲ್ಲಿ ಜಗಳವಾಯಿತು. ನಮ್ಮ ಮೊದಲ ಜಗಳ. ಅತ್ತೆಯವರಿಗೆ ಕೇಳಬಾರದೆಂದು ಪಿಸುಮಾತಿನಲ್ಲೇ ಆಡಿದೆವು. "ಶನಿವಾರ ಫಂಕ್ಷನ್ ಮುಗೀಲಿ ಕಣೇ. ಸೋಮವಾರ ಖಂಡಿತ ನೋಡೋಣ. ಎರಡು ದಿನದಲ್ಲಿ ಆಕಾಶ ಏನೂ ಬೀಳಲ್ಲ" ಎಂದರು. ನಾನು ಏನು ಹೇಳಿದೆ? "ಸರಿ" ಎಂದೆ. ಆ ಎರಡು ದಿನದ ಲೆಕ್ಕದಲ್ಲಿ ನನಗೂ ಪಾಲಿದೆ. ಶುಕ್ರವಾರ ಪೂರ್ತಿ, ಹೊರಗೆ ಯಾವ ಗಾಡಿ ಹಾರ್ನ್ ಬಾರಿಸಿಕೊಂಡು ಹೋದರೂ ಆಂಬುಲೆನ್ಸೇ ಎನ್ನಿಸುತ್ತಿತ್ತು. ಸಂಜೆ ಅತ್ತೆಯವರ ಮುಂದೆ ಕೂತು ಗಂಡ ಅದ್ಭುತ ಎಂದು ಬರೆದದ್ದನ್ನು ತಿದ್ದಿಸಿಕೊಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆ ತಡೆಯಲಾಗಲಿಲ್ಲ. ಕಂಟ್ರೋಲ್ ರೂಮಿಗೆ ಫೋನು ಮಾಡಿದೆ. "ಉಗ್ರಾಣದೋರು ಲಾಕ್‌ಔಟ್ ಬಗ್ಗೆ ಯಾಕಮ್ಮ ಮಾತಾಡ್ತೀರಿ? ಎಳೆದು ನೋಡಿದ್ದಾರೆ, ಹಾಳೆ ಇದೆ, ರುಜು ಇದೆ. ಅದೂ ನಿಮ್ಮ ಮನೆಯವರದೇ ರುಜು! ಸಂಜೆ ಬನ್ನಿ, ಸಿಹಿ ಕೊಡ್ತಾರೆ" ಎಂದರು. ಅವರ ತಪ್ಪಲ್ಲ. ರುಜುವಿನ ಮುಂದೆ ಉಗ್ರಾಣದವಳ ಮಾತು ಯಾರು ಕೇಳುತ್ತಾರೆ? ಆ ಇಪ್ಪತ್ಮೂರು ರುಜುಗಳು ಸುಳ್ಳು ಎಂದು ಹೇಳಬಲ್ಲ ಸಾಕ್ಷಿ ಈ ಊರಿನಲ್ಲಿ ಒಂದೇ ಇದೆ. ಅದು ನನ್ನ ಮದುವೆಯ ಫೋಟೋಗಳ ನಡುವೆ ಇತ್ತು. ಈಗ ನನ್ನ ಕೈಯಲ್ಲಿದೆ.

ಅಧ್ಯಕ್ಷರೇ, ಇದೇ ಆ ಹಾಳೆ. ಮುಂದಿನ ಬದಿಯಲ್ಲಿ, ಮೂರು ಗಂಟೆಗೆ ನನ್ನ ಯಜಮಾನರು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಾರ್ಡು ಎಳೆದು ನೋಡುತ್ತಿದ್ದಾರೆ. ಹಿಂದಿನ ಬದಿಯಲ್ಲಿ, ಮೂರೂ ಹತ್ತಕ್ಕೆ ಕ್ಯಾಂಟೀನಿನಲ್ಲಿ ನನ್ನನ್ನು ಕೇಳುತ್ತಿದ್ದಾರೆ. ಆಸ್ಪತ್ರೆಗೂ ಕ್ಯಾಂಟೀನಿಗೂ ನಲವತ್ತು ನಿಮಿಷದ ದಾರಿ. ಎರಡೂ ಬದಿಗೆ ಒಂದೇ ಕೈಬರಹ, ಒಂದೇ ರುಜು. ಒಂದು ಬದಿ ಸುಳ್ಳು. ಯಾವ ಬದಿ ಎಂದು ನನಗೆ ಗೊತ್ತು ಎಂದುಕೊಂಡಿದ್ದೆ. ಈಗ ಎರಡರ ಮೇಲೂ ಅನುಮಾನ ಬಂದಿದೆ. ಅದು ನನ್ನ ಮನೆಯ ವಿಷಯ, ಬಿಡಿ.

ಕಂಟ್ರೋಲ್ ರೂಮಿನ ಮುಖ್ಯಸ್ಥರೇ, ಚಪ್ಪಾಳೆಯೂ ಬೇಡ, ಚರ್ಚೆಯೂ ಬೇಡ. ದಯವಿಟ್ಟು ಹೊರಗೆ ಹೋಗಿ ಒಂದು ಫೋನು ಮಾಡಿ. ಮೊದಲು ಒಂಬತ್ತು, ಆಮೇಲೆ ಹದಿನಾಲ್ಕು, ಆಮೇಲೆ ಉಳಿದವು. ತೆಗೆದ ಮೇಲೆ ಯಾರನ್ನಾದರೂ ಕಳಿಸಿ, ಒಂದೊಂದನ್ನೂ ಎಳೆಸಿ ನೋಡಿ. ಏಣಿಯಣ್ಣನನ್ನು ಕಳಿಸಿ, ಅವರು ನೋಡದೆ ಬರೆಯುವುದಿಲ್ಲ.

ಎದ್ದು ಹೊರಟಿರಿ. ತುಂಬಾ ಉಪಕಾರವಾಯಿತು ಸಾರ್.

ಆ ವರದಿಯ ಮೇಲೆ ನನಗೆ ಬಂದ ನೋಟಿಸಿಗೆ ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಇದೇ ಉತ್ತರ. ಲಾಕ್‌ಔಟ್ ಬಿಟ್ಟವಳು ನಾನು, ಹಾಳೆ ಮುಚ್ಚಿಟ್ಟವಳು ನಾನು, ತನಿಖೆಯಲ್ಲಿ ಬಾಯಿ ಮುಚ್ಚಿ ಕೂತವಳು ನಾನು, ಗುರುವಾರದಿಂದ ಇವತ್ತಿನ ತನಕ ಕಾದವಳೂ ನಾನು. ಇವಕ್ಕೆಲ್ಲ ಏನು ಶಿಕ್ಷೆಯೋ ಕೊಡಿ. ಎಳೆಯದೆ ಎಳೆದೆ ಎಂದು ಬರೆದದ್ದಕ್ಕೆ ಮಾತ್ರ ನನ್ನ ಹೆಸರು ಹಾಕಬೇಡಿ, ಅದು ನನ್ನ ಅಕ್ಷರವಲ್ಲ.

ಅತ್ತೆ, ನೀವು ತಲೆ ತಗ್ಗಿಸಬೇಡಿ. ನೀವು ತಿದ್ದಿದ ಪುಟದಲ್ಲಿ ಒಂದೂ ಸುಳ್ಳಿಲ್ಲ.

ರೀ, ನೀವು ಲೋಟ ನೋಡುವುದನ್ನು ಬಿಟ್ಟು ಒಂದು ಸಲ ನನ್ನ ಕಡೆ ನೋಡಿ. ಇಲ್ಲವೇ? ಸರಿ. ಆವತ್ತು ಆ ಮೇಜಿನಲ್ಲಿ ನಾನು "ಹೂಂ" ಎಂದದ್ದು ನಿಜ. ಇವತ್ತು ಕೇಳಿದರೂ ನನ್ನ ಬಾಯಲ್ಲಿ ಬೇರೆ ಮಾತು ಬರುತ್ತದೆಯೋ ಇಲ್ಲವೋ, ಅದೇ ನನಗೆ ಸಿಟ್ಟು. ನಿಮ್ಮ ಮೇಲೆ ಪ್ರೀತಿ ಹೋಗಿದ್ದರೆ ಇಷ್ಟು ಹೊತ್ತು ನಿಲ್ಲಬೇಕಿರಲಿಲ್ಲ, ಎರಡೇ ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದೆ.

ಅಧ್ಯಕ್ಷರೇ, ಹಾಳೆಯನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ಎರಡೂ ಬದಿ ಓದಿ. ಓದಿದ ಮೇಲೆ ನಂಬರು ಹಾಕಿ ಫೈಲಿಗೆ ಸೇರಿಸಿ. ವೈಯಕ್ತಿಕ ಪತ್ರ, ಪಾಪ ಎಂದು ನನಗೆ ವಾಪಸ್ ಕೊಡಬೇಡಿ. ನನಗೆ ಅದು ಬೇಡ.

ಮಾತನಾಡಲು ಅವಕಾಶ ಕೊಟ್ಟ ನಿರೂಪಕರಿಗೂ, ಮೈಕು ಆರಿಸದೆ ಬಿಟ್ಟ ಅಣ್ಣನಿಗೂ, ಸಿಹಿ ತಿನ್ನಲು ಬಂದು ಇದನ್ನೆಲ್ಲ ಕೇಳಬೇಕಾಗಿ ಬಂದ ನಿಮಗೆಲ್ಲರಿಗೂ ನನ್ನ ವಂದನೆ. ನಮಸ್ಕಾರ.